ಕಡಲಿಲ್ಲದ ಲಿಂಕ್ಸ್: ಚಿನ್ನದ ಗಣಿಯ ಗಾಲ್ಫ್ ಬಯಲು

ಸ್ಕಾಟ್ಲೆಂಡಿನ ಪೂರ್ವ ಕರಾವಳಿಯಲ್ಲಿ ಕಡಲಿಗೂ ಉಳುವ ಹೊಲಕ್ಕೂ ನಡುವೆ ಮರಳಿನ ಬಯಲೊಂದು ಉದ್ದಕ್ಕೂ ಹಾದುಹೋಗುತ್ತದೆ. ಗಾಳಿ ತಂದು ಒಟ್ಟಿದ ದಿಣ್ಣೆ, ಅದರ ಮಗ್ಗುಲಲ್ಲಿ ತಗ್ಗು, ನೆಲಕ್ಕಂಟಿದ ಗಿಡ್ಡ ಹುಲ್ಲು, ಅಲ್ಲಲ್ಲಿ ಮುಳ್ಳುಪೊದೆ. ಬೆಳೆ ಬಾರದ ಈ ನೆಲವನ್ನು ಅಲ್ಲಿನ ಜನ ‘ಲಿಂಕ್ಸ್’ ಎಂದರು. ಗಾಲ್ಫ್ ಆಟ ಬೆಳೆದದ್ದು ಇದರ ಮೇಲೆ. ಆಟ ದೇಶದೇಶಗಳಿಗೆ ಹೋದಾಗ ಹೆಸರೂ ಜೊತೆಗೆ ಹೋಯಿತು. ದೆಹಲಿಯಲ್ಲಿ ಗಾಲ್ಫ್ ಲಿಂಕ್ಸ್ ಎಂಬ ಬಡಾವಣೆಯಿದೆ. ಬೆಂಗಳೂರಿನ ದೊಮ್ಮಲೂರಿನ ಬಳಿಯ ಕಚೇರಿ ಸಂಕೀರ್ಣವೂ ಅದೇ ಹೆಸರು ಹೊತ್ತಿದೆ. ಎರಡು ಕಡೆಯೂ ಕಡಲಿಲ್ಲ. ಕೋಲಾರದ ಚಿನ್ನದ ಗಣಿ ಪ್ರದೇಶವಾದ ಕೆ.ಜಿ.ಎಫ್.ಗೂ ಕಡಲಿಲ್ಲ. ಹತ್ತಿರದ ತೀರ ಇನ್ನೂರು ಕಿಲೋಮೀಟರಿಗೂ ಆಚೆ, ಮದರಾಸಿನ ಕಡೆ. ಆದರೂ ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗಿನ ಈ ಒಣ ಸೀಮೆಯಲ್ಲಿ ಗಣಿಯ ದೊರೆಗಳು ಅದೇ ಆಟ ಆಡಿದರು. ಆ ಬಯಲು ಇಂದಿಗೂ ಇದೆ.

ಕಡಲಂಚಿನ ಆಟದ ರೀತಿಯೇ ಬೇರೆ. ಮರಳು ನೆಲ ಮಳೆನೀರನ್ನು ಕೂಡಲೇ ಹೀರಿಕೊಳ್ಳುವುದರಿಂದ ಮೇಲ್ಮೈ ಗಟ್ಟಿಯಾಗಿ ಒಣಗಿರುತ್ತದೆ. ಚೆಂಡು ಬಿದ್ದಲ್ಲಿ ನಿಲ್ಲದೆ ಉರುಳುತ್ತಲೇ ಹೋಗುತ್ತದೆ. ಗಾಳಿಗೆ ತಡೆಯಾಗಲು ಮರವಿಲ್ಲ. ಚೆಂಡನ್ನು ಎತ್ತರಕ್ಕೆ ಹೊಡೆದರೆ ಗಾಳಿ ಎತ್ತಲೋ ಕೊಂಡೊಯ್ಯುತ್ತದೆ. ಹಾಗಾಗಿ ಬಲ್ಲ ಆಟಗಾರ ಅದನ್ನು ತಗ್ಗಿನಲ್ಲೇ ಹೊಡೆದು, ನೆಲದ ಉಬ್ಬುತಗ್ಗು ನೋಡಿಕೊಂಡು, ಗುರಿಗಿಂತ ಮೊದಲೇ ಬೀಳಿಸಿ ಉರುಳಲು ಬಿಡುತ್ತಾನೆ. ಬಂಕರ್ ಎಂಬ ಮರಳುಗುಂಡಿಗಳನ್ನು ಮೊದಲಿಗೆ ಯಾರೂ ತೋಡಲಿಲ್ಲ. ಗಾಳಿಗೆ ಮರೆಯಾಗಿ ಕುರಿಗಳು ಒತ್ತಿಕೊಂಡು ಮಲಗಿದ ಕಡೆ ಹುಲ್ಲು ಸವೆದು ಮರಳು ಹೊರಬಿದ್ದು ಅನೇಕ ಗುಂಡಿಗಳಾದವು ಎನ್ನುತ್ತಾರೆ. ಹುಲ್ಲು ಕತ್ತರಿಸುವ ಕೆಲಸವೂ ಕುರಿ ಮೊಲಗಳದೇ ಆಗಿತ್ತು.

ಆ ನೆಲ ಯಾರದು ಎಂಬುದು ಇನ್ನೂ ಮುಖ್ಯವಾದ ವಿಷಯ. ಅದೇ ಕರಾವಳಿಯ ಸೇಂಟ್ ಆಂಡ್ರ್ಯೂಸ್ ಊರಿನ ಆರ್ಚ್‌ಬಿಷಪ್ 1552ರಲ್ಲಿ ಒಪ್ಪಿಕೊಂಡ ಪತ್ರದ ಪ್ರಕಾರ, ಅಲ್ಲಿನ ಲಿಂಕ್ಸ್‌ನಲ್ಲಿ ಗಾಲ್ಫ್ ಮತ್ತು ಫುಟ್‌ಬಾಲ್ ಆಡುವ ಹಕ್ಕು ಊರ ಜನರದು. 1797ರಲ್ಲಿ ಸಾಲಕ್ಕೆ ಸಿಕ್ಕ ನಗರಸಭೆ ಆ ಬಯಲನ್ನು ಕೈಬಿಟ್ಟಿತು. ಅದು ಮೊಲ ಸಾಕುವ ವ್ಯಾಪಾರಿಗಳ ಪಾಲಾಗಿ, ಆಟಗಾರರಿಗೂ ಅವರಿಗೂ ವರ್ಷಗಟ್ಟಲೆ ವ್ಯಾಜ್ಯ ನಡೆಯಿತು. 1894ರ ಕಾಯಿದೆಯಿಂದ ಬಯಲು ಮತ್ತೆ ಊರಿನ ಸ್ವತ್ತಾಯಿತು. ಲೋಕಪ್ರಸಿದ್ಧವಾದ ಅಲ್ಲಿನ ಹಳೆಯ ಮೈದಾನ ಇಂದಿಗೂ ಸಾರ್ವಜನಿಕವೇ. ಭಾನುವಾರ ಸಾಮಾನ್ಯವಾಗಿ ಅಲ್ಲಿ ಆಟವಿಲ್ಲ. ಊರಿನವರು ಮಕ್ಕಳನ್ನೂ ನಾಯಿಗಳನ್ನೂ ಕರೆದುಕೊಂಡು ಅಡ್ಡಾಡುತ್ತಾರೆ.

ಗಾಲ್ಫ್ ಭಾರತಕ್ಕೆ ಬಂದದ್ದು ಕಲ್ಕತ್ತದ ಮೂಲಕ. 1829ರಲ್ಲಿ ಅಲ್ಲಿ ಶುರುವಾದ ಕ್ಲಬ್ಬು ಬ್ರಿಟಿಷ್ ದ್ವೀಪಗಳ ಹೊರಗಿನ ಅತ್ಯಂತ ಹಳೆಯ ಗಾಲ್ಫ್ ಕ್ಲಬ್ಬು. ಬೆಂಗಳೂರಿನ ಹೈಗ್ರೌಂಡ್ಸ್‌ನ ಕ್ಲಬ್ಬು 1876ರದು. ಈ ಹರಡುವಿಕೆಗೆ ಚೆಂಡೂ ಒಂದು ಕಾರಣ. ಮೊದಮೊದಲು ಚೆಂಡೆಂದರೆ ತೊಗಲಿನ ಚೀಲದೊಳಗೆ ಬೇಯಿಸಿದ ಗರಿಗಳನ್ನು ಗಿಡಿದು ಹೊಲಿದದ್ದು. ಕುಶಲ ಕೆಲಸಗಾರನೂ ದಿನಕ್ಕೆ ಮೂರೋ ನಾಲ್ಕೋ ಮಾಡುತ್ತಿದ್ದ. ಬೆಲೆ ಹೆಚ್ಚು, ಒದ್ದೆಯಾದರೆ ಹಾಳು. 1848ರ ಸುಮಾರಿಗೆ ಮಲಯದ ಮರವೊಂದರ ಹಾಲಿನಿಂದ ಮಾಡಿದ ಗಟ್ಟಾಪರ್ಚಾ ಚೆಂಡು ಬಂತು. ಅಗ್ಗ, ಗಟ್ಟಿ, ಸೊಟ್ಟಗಾದರೆ ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಮತ್ತೆ ಉಂಡೆ ಕಟ್ಟಬಹುದಿತ್ತು. ಆಟ ಶ್ರೀಮಂತರ ಕೈಯಿಂದ ಗುಮಾಸ್ತ, ಎಂಜಿನಿಯರ್, ಸೇನಾಧಿಕಾರಿಗಳ ಕೈಗೆ ಬಂದದ್ದು ಇದರಿಂದ. ಕೋಲಾರದ ಗಣಿಗಳು ಎದ್ದು ನಿಂತದ್ದೂ ಈ ಚೆಂಡಿನ ಕಾಲದಲ್ಲೇ.

ಮಾರಿಕುಪ್ಪಂ ಸೀಮೆಯ ಚಿನ್ನ ಮಾತ್ರ ಗಣಿ ಕಂಪನಿಗಳಿಗಿಂತ ಎಷ್ಟೋ ಹಳೆಯದು. ಟಿಪ್ಪು ಸುಲ್ತಾನನ ಪತನದ ನಂತರ ಮೈಸೂರಿನ ಪೂರ್ವ ಗಡಿಯ ಅಳತೆಗೆ ಬಂದ ಲೆಫ್ಟಿನೆಂಟ್ ಜಾನ್ ವಾರೆನ್, 1802ರಲ್ಲಿ ಉರಿಗಾಂ ಮತ್ತು ಮಾರಿಕುಪ್ಪಂ ಜನ ಮಣ್ಣು ತೊಳೆದು ಚಿನ್ನದ ಕಣ ತೆಗೆಯುವುದನ್ನು ಕಂಡು ಬರೆದಿಟ್ಟ. ಆ ಬರಹವನ್ನು ಎಪ್ಪತ್ತು ವರ್ಷಗಳ ಬಳಿಕ ಓದಿದವನು ಬೆಂಗಳೂರು ದಂಡಿನಲ್ಲಿ ನೆಲೆಸಿದ್ದ ಐರಿಷ್ ಮಾಜಿ ಸೈನಿಕ ಮೈಕೆಲ್ ಲ್ಯಾವೆಲ್. ಎತ್ತಿನ ಗಾಡಿಯಲ್ಲಿ ಬಂದು ನೋಡಿದ. 1875ರಲ್ಲಿ ಮೈಸೂರು ಸರ್ಕಾರದಿಂದ ಗುತ್ತಿಗೆ ಪಡೆದ. ದುಡ್ಡು ಸಾಲದೆ ಅವನ ಹಕ್ಕು ಬೇರೆಯವರ ಕೈ ಸೇರಿತು. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕಾಲಿಟ್ಟ ಕೆಲವೇ ವರ್ಷಗಳಲ್ಲಿ ಚಾಂಪಿಯನ್ ರೀಫ್ ಎಂಬ ಚಿನ್ನದ ಎಳೆ ಸಿಕ್ಕಿತು. ಮೈಸೂರು, ಚಾಂಪಿಯನ್ ರೀಫ್, ಉರಿಗಾಂ, ನಂದಿದುರ್ಗ, ಬಾಲಘಾಟ್ ಗಣಿಗಳು ಒಂದರ ಪಕ್ಕ ಒಂದು ಬೆಳೆದವು. ಮೈಸೂರು ಗಣಿಯ ನೆಲೆ ಮಾರಿಕುಪ್ಪಂ. ಆಗ ಬೌರಿಂಗ್‌ಪೇಟೆ ಎನ್ನುತ್ತಿದ್ದ ಬಂಗಾರಪೇಟೆಯಿಂದ ಅಲ್ಲಿಗೆ ರೈಲು ಬಂದದ್ದು 1894ರಲ್ಲಿ. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಹರಿಯಿತು. ಬೆಂಗಳೂರಿನ ಬೀದಿಗಳಿಗೆ ಆಗಿನ್ನೂ ಕರೆಂಟು ಬಂದಿರಲಿಲ್ಲ.

ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಅನುಭವಿ ಗಣಿಗಾರರು ಬಂದರು. ಎಂಜಿನಿಯರುಗಳು, ವೈದ್ಯರು, ಲೆಕ್ಕಿಗರು ಬಂದರು. ಅವರಿಗೆ ಹೆಂಚಿನ ಬಂಗ್ಲೆ, ಹೂದೋಟ, ಇಗರ್ಜಿ, ಆಸ್ಪತ್ರೆ ಎದ್ದವು. ಊರಿಗೆ ‘ಪುಟ್ಟ ಇಂಗ್ಲೆಂಡ್’ ಎಂಬ ಹೆಸರು ಬಿತ್ತು. 1885ರಲ್ಲಿ ಹುಟ್ಟಿದ ಕೆ.ಜಿ.ಎಫ್. ಕ್ಲಬ್ಬು ಅವರ ಸಂಜೆಗಳ ಜಾಗ. ಟೆನಿಸ್, ಬಿಲಿಯರ್ಡ್ಸ್, ನೃತ್ಯದ ಜೊತೆಗೆ ಗಾಲ್ಫ್ ಬಯಲೂ ಸಿದ್ಧವಾಯಿತು. ಪಾಳಿ ಮುಗಿಸಿ ಭೂಗರ್ಭದ ಸೆಕೆಯಿಂದ ಮೇಲೆ ಬಂದವನಿಗೆ ತೆರೆದ ಬಾನಿನ ಕೆಳಗೆ ಎರಡು ಗಂಟೆ ನಡೆಯುವುದು ಎಷ್ಟು ಹಿತವಾಗಿದ್ದೀತು ಎಂಬುದನ್ನು ಗಣಿ ಕಂಡವರು ಮಾತ್ರ ಬಲ್ಲರು.

ನೆಲ ಮಾತ್ರ ಸ್ಕಾಟ್ಲೆಂಡಿನದಾಗಿರಲಿಲ್ಲ. ಇದು ಸಮುದ್ರಮಟ್ಟಕ್ಕಿಂತ ಎಂಟುನೂರು ಮೀಟರಿಗೂ ಎತ್ತರದ ಪ್ರಸ್ಥಭೂಮಿ. ಮಳೆ ಕಡಿಮೆ, ಮಣ್ಣು ಕೆಂಪು, ಅಡಿಯಲ್ಲಿ ಬಂಡೆ. ಕುಡಿಯುವ ನೀರನ್ನೇ ಪಾಲಾರ್ ಹೊಳೆಯ ಬೇತಮಂಗಲ ಕೆರೆಯಿಂದ ಕೊಳವೆಯಲ್ಲಿ ತರಬೇಕಾಗಿತ್ತು. ಆದರೂ ಕಡಲಂಚಿನ ಆಟದ ಒಂದು ಗುಣ ಇಲ್ಲಿಗೂ ಹೊಂದುತ್ತಿತ್ತು. ಬೇಸಿಗೆಯಲ್ಲಿ ಗಟ್ಟಿಯಾದ ನೆಲದ ಮೇಲೆ ಚೆಂಡು ಬಹು ದೂರ ಉರುಳುತ್ತದೆ, ಆಷಾಢದ ಗಾಳಿ ಹೊಡೆತವನ್ನು ಪಕ್ಕಕ್ಕೆ ತಳ್ಳುತ್ತದೆ. ನೀರು ಸಾಲದ ಊರುಗಳಲ್ಲಿ ಕುಳಿಯ ಸುತ್ತ ಹಸಿರು ಹುಲ್ಲು ಬೆಳೆಸುವುದು ಕಷ್ಟವಾದ್ದರಿಂದ, ಮರಳಿಗೆ ಎಣ್ಣೆ ಬೆರೆಸಿ ತಟ್ಟಿದ ಕಂದು ಅಂಗಳ ಮಾಡುವ ಪದ್ಧತಿ ಭಾರತದಲ್ಲೂ ಇತರ ಒಣ ದೇಶಗಳಲ್ಲೂ ನಡೆದುಬಂತು. ಅದಕ್ಕೆ ಬ್ರೌನ್ ಎಂದೇ ಹೆಸರು.

ಆಗಿನ ಆಟದ ಒಂದು ಚಿಕ್ಕ ಕೆಲಸವನ್ನು ಇಲ್ಲಿ ಹೇಳಬೇಕು. ಚೆಂಡನ್ನು ಎತ್ತರಿಸಿ ಇಡುವ ಮರದ ಮೊಳೆ ಬಳಕೆಗೆ ಬಂದದ್ದು 1920ರ ದಶಕದಲ್ಲಿ. ಅದುವರೆಗೆ ಪ್ರತಿ ಕುಳಿಯ ಮೊದಲ ಹೊಡೆತದ ಜಾಗದಲ್ಲೂ ಒಂದು ಪೆಟ್ಟಿಗೆಯಲ್ಲಿ ಒದ್ದೆ ಮರಳು. ಆಟಗಾರನ ಕೋಲು ಹೊರುವ ಕ್ಯಾಡಿ ಹುಡುಗ ಚಿಟಿಕೆ ಮರಳು ತೆಗೆದು, ಮೂರು ಬೆರಳಿನಿಂದ ಒತ್ತಿ, ರಂಗೋಲಿಯ ಚುಕ್ಕಿಗಿಂತ ತುಸು ದೊಡ್ಡದಾದ ಗೋಪುರ ಮಾಡಿ, ಅದರ ತುದಿಯಲ್ಲಿ ಚೆಂಡು ಕೂರಿಸಿ ಹಿಂದೆ ಸರಿಯುತ್ತಿದ್ದ.

ಮರಳಿಗೆ ಮಾರಿಕುಪ್ಪಂನಲ್ಲಿ ಬೇರೆಯೇ ಕಥೆಯಿದೆ. ಅದಿರನ್ನು ಗಿರಣಿಯಲ್ಲಿ ಪುಡಿಮಾಡಿ ಪಾದರಸದಿಂದ ಚಿನ್ನ ಹಿಡಿದ ಮೇಲೂ ಪುಡಿಯಲ್ಲಿ ಚಿನ್ನ ಉಳಿಯುತ್ತಿತ್ತು. ಅದನ್ನು ಸೈನೈಡ್ ದ್ರಾವಣದಲ್ಲಿ ಕರಗಿಸಿ ತೆಗೆಯುವ ವಿಧಾನಕ್ಕೆ ಜಾನ್ ಸ್ಟೂವರ್ಟ್ ಮ್ಯಾಕ್‌ಆರ್ಥರ್ ಮತ್ತು ಫಾರೆಸ್ಟ್ ಸಹೋದರರು 1887ರಲ್ಲಿ ಪೇಟೆಂಟ್ ಪಡೆದರು. ಅವರ ಊರು ಗ್ಲಾಸ್ಗೋ. ಹೀಗೆ ಸ್ಕಾಟ್ಲೆಂಡ್ ಕೋಲಾರಕ್ಕೆ ಆಟವನ್ನೂ ಕೊಟ್ಟಿತು, ಸೈನೈಡನ್ನೂ ಕೊಟ್ಟಿತು. ಚಿನ್ನ ತೆಗೆದ ಮೇಲೆ ಉಳಿದ ಬೂದುಬಣ್ಣದ ಪುಡಿ ದಶಕಗಟ್ಟಲೆ ಬಿದ್ದು ಗುಡ್ಡಗಳಾಯಿತು. ಈಗಿನ ಒಟ್ಟು ರಾಶಿ ಮೂರು ಕೋಟಿ ಟನ್ನಿಗೂ ಹೆಚ್ಚು. ಸೈನೈಡ್ ದಿಬ್ಬ ಎಂದು ಊರವರು ಕರೆಯುವ ಇವು ದೂರದಿಂದ ಕಡಲತೀರದ ಮರಳುದಿಣ್ಣೆಯಂತೆಯೇ ಕಾಣುತ್ತವೆ. ಗಾಳಿ ಬೀಸಿದರೆ ಪುಡಿ ಎದ್ದು ಮನೆಯೊಳಗಿನ ಪಾತ್ರೆ, ಹಾಸಿಗೆಗಳ ಮೇಲೆ ಕೂರುತ್ತದೆ.

ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಗಣಿಗಳಲ್ಲಿ ಸುಮಾರು ಮೂವತ್ತು ಸಾವಿರ ಜನ ದುಡಿಯುತ್ತಿದ್ದರು. ಹೆಚ್ಚಿನವರು ಉತ್ತರ ಆರ್ಕಾಟು, ಚಿತ್ತೂರು ಕಡೆಯ ತಮಿಳು, ತೆಲುಗು ಮನೆಗಳವರು. ಅವರಲ್ಲಿ ದಲಿತರೇ ಬಹಳ. ಅವರ ವಾಸ ಬಿದಿರು ತಟ್ಟಿಯ ಗುಡಿಸಲುಗಳ ‘ಲೈನು’ಗಳಲ್ಲಿ. ಶಿಲೆ ಸಿಡಿತಕ್ಕೆ ಸಿಕ್ಕಿ ಸತ್ತವರು, ದೂಳು ಕುಡಿದು ಶ್ವಾಸಕೋಶ ಕಳೆದುಕೊಂಡವರು ಈ ಲೈನುಗಳ ಜನ. ಕ್ಲಬ್ಬಿನ ಬಾಗಿಲು ಅವರಿಗೆ ತೆರೆದಿರಲಿಲ್ಲ. ಅದು ಬಿಳಿಯ ಅಧಿಕಾರಿಗಳ ಜಾಗವಾಗಿತ್ತು. ಸೇಂಟ್ ಆಂಡ್ರ್ಯೂಸ್‌ನಲ್ಲಿ ಊರಿನವರ ಹಕ್ಕಾಗಿದ್ದ ಆಟ ಇಲ್ಲಿ ಊರಿನವರಿಗೆ ಬೇಲಿಯಾಚೆಯ ನೋಟವಾಯಿತು. ಆಟದ ಚರಿತ್ರೆಯಲ್ಲಿ ಇದೊಂದು ದೊಡ್ಡ ನಷ್ಟ.

1956ರಲ್ಲಿ ಮೈಸೂರು ರಾಜ್ಯ ಗಣಿಗಳನ್ನು ವಹಿಸಿಕೊಂಡಿತು. 1962ರಲ್ಲಿ ಅವು ಕೇಂದ್ರ ಸರ್ಕಾರಕ್ಕೆ ಹೋದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಸ್ಥಾಪನೆಯಾಯಿತು. ಗಾಲ್ಫ್ ಕೋಲು ಭಾರತೀಯ ಅಧಿಕಾರಿಗಳ ಕೈಗೆ ಬಂತು. 1964ರಲ್ಲಿ ಆರಂಭವಾದ ಬಿ.ಇ.ಎಂ.ಎಲ್. ಕಂಪನಿಯ ಕಾರ್ಖಾನೆ ಊರಿಗೆ ಹೊಸ ನೌಕರರನ್ನು ಕರೆತಂದಿತು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಶಾಫ್ಟುಗಳ ಚಕ್ರ ನಿಂತವು, ಸುರಂಗಗಳಲ್ಲಿ ನೀರು ತುಂಬಿತು. ಗಣಿಯನ್ನೇ ನಂಬಿದ್ದ ಮನೆಗಳ ಮಕ್ಕಳು ನಸುಕಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೊರಟರು. ಕ್ಲಬ್ಬು ಮತ್ತು ಗಾಲ್ಫ್ ಬಯಲು ಮಾತ್ರ ಉಳಿದುಕೊಂಡವು.

ಗಣಿ ಕಂಪನಿಯ ಸಾವಿರಾರು ಎಕರೆ ಜಮೀನನ್ನು ಏನು ಮಾಡಬೇಕೆಂಬ ಚರ್ಚೆ ಗಣಿ ಮುಚ್ಚಿದಂದಿನಿಂದ ನಡೆದೇ ಇದೆ. ಕೈಗಾರಿಕೆ, ಬಡಾವಣೆ, ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯುವ ಯೋಜನೆ ಎಲ್ಲವೂ ಕಾಗದದ ಮೇಲೆ ಬಂದಿವೆ. ಆ ಹಂಚಿಕೆ ನಡೆಯುವ ದಿನ ಗಾಲ್ಫ್ ಬಯಲನ್ನು ಊರಿನ ಸಾರ್ವಜನಿಕ ಬಯಲೆಂದು ದಾಖಲಿಸಬೇಕು. ವಾರಕ್ಕೊಂದು ದಿನವಾದರೂ ಮಾರಿಕುಪ್ಪಂ, ಚಾಂಪಿಯನ್ ರೀಫ್ ಲೈನುಗಳ ಮಕ್ಕಳು ಅದರ ಮೇಲೆ ಓಡಾಡುವಂತಾಗಬೇಕು.