ಪ್ಯಾಂಟಲಿಯಾನ್ ಹೆಬೆನ್‌ಸ್ಟ್ರೈಟ್

ಪ್ಯಾಂಟಲಿಯಾನ್ ಹೆಬೆನ್‌ಸ್ಟ್ರೈಟ್ (1668–1750): ಬರೋಕ್ ಯುಗದ ಜರ್ಮನ್ ವಾದಕ, ನೃತ್ಯಶಿಕ್ಷಕ. ಕೋಲಿನಿಂದ ತಂತಿ ಬಡಿದು ನುಡಿಸುವ ಡಲ್ಸಿಮರ್ ಎಂಬ ಜನಪದ ವಾದ್ಯವನ್ನು ಹಿಗ್ಗಿಸಿ, ರಾಜಾಸ್ಥಾನಗಳಲ್ಲಿ ಮನ್ನಣೆ ಪಡೆದ ಪ್ಯಾಂಟಲಿಯಾನ್ ವಾದ್ಯವನ್ನು ರೂಪಿಸಿದ. ಪಿಯಾನೊ ವಾದ್ಯದ ಪೂರ್ವಚರಿತ್ರೆಯಲ್ಲಿ ಈತನಿಗೆ ಮುಖ್ಯ ಸ್ಥಾನವಿದೆ.

ಆರಂಭದ ಬದುಕು

ಲೈಪ್ಜಿಗ್ ನಗರದಲ್ಲಿ ಪಿಟೀಲು ನುಡಿಸುತ್ತ, ನೃತ್ಯ ಕಲಿಸುತ್ತ ಜೀವನ ಸಾಗಿಸುತ್ತಿದ್ದ ಹೆಬೆನ್‌ಸ್ಟ್ರೈಟ್ ಸಾಲಗಾರರ ಕಾಟ ತಾಳಲಾರದೆ ಊರು ಬಿಟ್ಟ. ಮೆರ್ಸೆಬರ್ಗ್ ಸಮೀಪದ ಪಾದ್ರಿಯೊಬ್ಬನ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತ ನೆಲೆಸಿದ್ದಾಗ, ಹಳ್ಳಿಯ ಹೋಟೆಲು, ಜಾತ್ರೆಗಳಲ್ಲಿ ಕೇಳಿಬರುತ್ತಿದ್ದ ಡಲ್ಸಿಮರ್ ಅನ್ನು ಸುಧಾರಿಸಲು ತೊಡಗಿದನೆಂದು ಹೇಳಲಾಗುತ್ತದೆ.

ವಾದ್ಯದ ರಚನೆ

ಭಾರತದ ಸಂತೂರ್ ಕೂಡ ಡಲ್ಸಿಮರಿನ ಕುಟುಂಬಕ್ಕೇ ಸೇರಿದ ವಾದ್ಯ. ಹೆಬೆನ್‌ಸ್ಟ್ರೈಟ್ ರೂಪಿಸಿದ ವಾದ್ಯ ಇವೆರಡಕ್ಕಿಂತಲೂ ಬಹಳ ದೊಡ್ಡದು. ಇಂಗ್ಲಿಷ್ ಸಂಗೀತ ಇತಿಹಾಸಕಾರ ಚಾರ್ಲ್ಸ್ ಬರ್ನಿ 1772ರಲ್ಲಿ ಡ್ರೆಸ್ಡೆನ್‌ನಲ್ಲಿ ಕಂಡ ವಾದ್ಯ ಒಂಬತ್ತು ಅಡಿಗೂ ಹೆಚ್ಚು ಉದ್ದವಿದ್ದು, ಅದಕ್ಕೆ 186 ತಂತಿಗಳಿದ್ದವು. ಲೋಹದ ತಂತಿಗಳ ಜೊತೆಗೆ ಪ್ರಾಣಿಗಳ ಕರುಳಿನಿಂದ ಮಾಡಿದ ತಂತಿಗಳೂ ಇದ್ದುದರಿಂದ ಒಂದೇ ವಾದ್ಯ ಎರಡು ಬಗೆಯ ನಾದ ಕೊಡುತ್ತಿತ್ತು. ಪೆಟ್ಟು ಬಲವಾದಂತೆ ನಾದ ಜೋರಾಗುತ್ತಿತ್ತು, ಹಗುರಾದಂತೆ ಮೆದುವಾಗುತ್ತಿತ್ತು. ತಂತಿ ಮೀಟುವ ಅಂದಿನ ಹಾರ್ಪ್ಸಿಕಾರ್ಡ್‌ನಲ್ಲಿ ಬೆರಳಿನ ಒತ್ತಡದಿಂದ ಇಂಥ ಏರಿಳಿತ ತರುವುದು ಸಾಧ್ಯವಿರಲಿಲ್ಲ. ಪ್ಯಾಂಟಲಿಯಾನಿನಲ್ಲಿ ನಾದ ತಡೆಯುವ ಏರ್ಪಾಟಿರಲಿಲ್ಲವಾಗಿ ಸ್ವರಗಳು ಒಂದರೊಳಗೊಂದು ಬೆರೆತು ಅನುರಣಿಸುತ್ತಿದ್ದವು.

ಆಸ್ಥಾನಗಳಲ್ಲಿ

1705ರಲ್ಲಿ ಹೆಬೆನ್‌ಸ್ಟ್ರೈಟ್ ಪ್ಯಾರಿಸ್‌ನಲ್ಲಿ ದೊರೆ 14ನೆಯ ಲೂಯಿಯ ಎದುರು ವಾದ್ಯ ನುಡಿಸಿದ. ವಾದಕನ ಹೆಸರನ್ನೇ ವಾದ್ಯಕ್ಕೆ ಇಟ್ಟವನು ಈ ದೊರೆ ಎಂಬುದು ಪ್ರಸಿದ್ಧ. ಮರುವರ್ಷ ಐಸೆನಾಖ್ ಆಸ್ಥಾನ ಸೇರಿದ. ಅಲ್ಲಿ ಸಹೋದ್ಯೋಗಿಯಾಗಿದ್ದ ಗೇಯೊರ್ಗ್ ಫಿಲಿಪ್ ಟೆಲೆಮನ್, ಈತನೊಡನೆ ಪಿಟೀಲಿನ ಜೋಡಿ ಕಛೇರಿ ಇದ್ದಾಗಲೆಲ್ಲ ಕೆಲವು ದಿನ ಮೊದಲೇ ಕೋಣೆಯ ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡಬೇಕಾಗುತ್ತಿತ್ತು ಎಂದು ನೆನೆದಿದ್ದಾನೆ.

1714ರಲ್ಲಿ ಡ್ರೆಸ್ಡೆನ್ ಆಸ್ಥಾನ ಈತನನ್ನು ವರ್ಷಕ್ಕೆ 1,200 ಥಾಲರ್ ಸಂಬಳದ ಮೇಲೆ ನೇಮಿಸಿಕೊಂಡಿತು. ತಂತಿಗಳ ಖರ್ಚಿಗೆಂದೇ ಬೇರೆಯಾಗಿ 200 ಥಾಲರ್ ಕೊಡುತ್ತಿತ್ತು. ಖ್ಯಾತ ವಾದ್ಯತಯಾರಕ ಗಾಟ್‌ಫ್ರೀಡ್ ಸಿಲ್ಬರ್‌ಮನ್ ಅನುಮತಿಯಿಲ್ಲದೆ ಪ್ಯಾಂಟಲಿಯಾನ್ ತಯಾರಿಸತೊಡಗಿದಾಗ ಹೆಬೆನ್‌ಸ್ಟ್ರೈಟ್ ದೊರೆಗೆ ದೂರಿತ್ತು, 1727ರಲ್ಲಿ ಅದಕ್ಕೆ ತಡೆಯಾಜ್ಞೆ ತಂದ. ಮುಪ್ಪಿನಲ್ಲಿ ಕಣ್ಣು ಮಂಜಾಗಿ ವಾದನ ನಿಂತಿತು. 1750ರಲ್ಲಿ ಡ್ರೆಸ್ಡೆನ್‌ನಲ್ಲಿ ತೀರಿಕೊಂಡ.

ಪ್ರಭಾವ

ಶ್ರುತಿ ಮಾಡುವ ಶ್ರಮ, ತಂತಿಗಳ ದುಬಾರಿ ಬೆಲೆ, ಕಠಿಣ ವಾದನಕ್ರಮಗಳಿಂದಾಗಿ ಪ್ಯಾಂಟಲಿಯಾನ್ ಕೆಲವೇ ಶಿಷ್ಯರಿಗೆ ದಕ್ಕಿ ಬಳಕೆ ತಪ್ಪಿತು. ಸುತ್ತಿಗೆಯ ಪೆಟ್ಟಿನಿಂದ ನುಡಿಯುವ ಪಿಯಾನೊವನ್ನು ಬಾರ್ಟೊಲೊಮಿಯೊ ಕ್ರಿಸ್ಟೊಫೊರಿ 1700ರ ಸುಮಾರಿಗೇ ಫ್ಲಾರೆನ್ಸ್‌ನಲ್ಲಿ ನಿರ್ಮಿಸಿದ್ದ. ಜರ್ಮನಿಯಲ್ಲಿ ಅಂಥ ವಾದ್ಯದ ಹಂಬಲ ಹುಟ್ಟಿಸಿದ್ದರಲ್ಲಿ ಹೆಬೆನ್‌ಸ್ಟ್ರೈಟನ ಪಾಲು ದೊಡ್ಡದು. ತನ್ನ ಸುತ್ತಿಗೆ ಯಂತ್ರಕ್ಕೆ ಆತನ ವಾದನವೇ ಪ್ರೇರಣೆ ಎಂದು ಜರ್ಮನ್ ಸಂಗೀತಗಾರ ಕ್ರಿಸ್ಟೋಫ್ ಗಾಟ್‌ಲೀಬ್ ಶ್ರೋಟರ್ ಹೇಳಿಕೊಂಡಿದ್ದಾನೆ. ಮುಂದೆ ಜರ್ಮನಿಯಲ್ಲಿ ಮೊದಮೊದಲ ಪಿಯಾನೊಗಳನ್ನು ತಯಾರಿಸಿದವರಲ್ಲಿ ಸಿಲ್ಬರ್‌ಮನ್ ಪ್ರಮುಖನಾದ.