ಅಂಗಡಿಯ ಹಿಂದಿನ ಶಾಲೆ



1990ರ ದಶಕದ ಆರಂಭದಲ್ಲಿ ಸಂಪೂರ್ಣ ಸಾಕ್ಷರತಾ ಆಂದೋಲನ ನಡೆದಾಗ ನಾನೂ ಲಾಟೀನು ಹಿಡಿದು ರಾತ್ರಿ ಶಾಲೆಗೆ ಹೋಗುತ್ತಿದ್ದುದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಬಿ.ಎಡ್. ಪದವಿಯ ಹೆಮ್ಮೆಯಲ್ಲಿ ಮಕ್ಕಳಿಗೆ ಕಲಿಸುವಂತೆಯೇ 'ಅ, ಆ' ಎಂದು ಆರಂಭಿಸಿದೆ. ತಿಂಗಳೊಳಗೆ ಇಪ್ಪತ್ತು ಮಂದಿಯಲ್ಲಿ ಐವರು ಉಳಿದರು. ಅವರಿಗೆ ಆಸಕ್ತಿಯಿಲ್ಲವೆಂದು ಆಗ ದೂರಿದ್ದೆ. ತಪ್ಪು ಯಾರದೆಂಬುದು ಅಮೆರಿಕದ ಒಂದು ಸಂಸ್ಥೆಯ ಚರಿತ್ರೆಯನ್ನು ಓದಿದ ಮೇಲೆ ತಿಳಿಯಿತು.

ಮೈಲ್ಸ್ ಹಾರ್ಟನ್ ಎಂಬ ತರುಣ ಡೆನ್ಮಾರ್ಕಿನ ಜನಪದ ಪ್ರೌಢಶಾಲೆಗಳನ್ನು ನೋಡಿಬಂದು, 1932ರಲ್ಲಿ ಟೆನೆಸ್ಸಿಯ ಗುಡ್ಡಗಾಡಿನಲ್ಲಿ ಗೆಳೆಯರೊಡನೆ 'ಹೈಲ್ಯಾಂಡರ್ ಜನಪದ ಶಾಲೆ'ಯನ್ನು ಸ್ಥಾಪಿಸಿದರು. ಅಲ್ಲಿ ಪರೀಕ್ಷೆಯಿರಲಿಲ್ಲ, ಪದವಿಯಿರಲಿಲ್ಲ. ರೈತರೂ ಕಾರ್ಮಿಕರೂ ಕಲೆತು ತಮ್ಮ ಸಮಸ್ಯೆಗಳನ್ನೇ ಪಾಠವಾಗಿಸಿಕೊಳ್ಳುತ್ತಿದ್ದರು. ವರ್ಣಭೇದದ ಆ ನಾಡಿನಲ್ಲಿ ಕರಿಯರೂ ಬಿಳಿಯರೂ ಅಲ್ಲಿ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದರು. ರೋಸಾ ಪಾರ್ಕ್ಸ್ 1955ರ ಬೇಸಗೆಯಲ್ಲಿ ಇಲ್ಲಿಗೆ ಬಂದಿದ್ದರು. ಅದೇ ಡಿಸೆಂಬರಿನಲ್ಲಿ ಬಸ್ಸಿನ ಆಸನ ಬಿಟ್ಟುಕೊಡಲು ನಿರಾಕರಿಸಿದರು.

ಸೌತ್ ಕೆರೊಲಿನಾದ ಜಾನ್ಸ್ ದ್ವೀಪದಲ್ಲಿ ಮತದಾರರಾಗಬೇಕಾದರೆ ರಾಜ್ಯ ಸಂವಿಧಾನವನ್ನು ಓದಿ ತೋರಿಸಬೇಕಿತ್ತು. ಓದುಬಾರದ ಕರಿಯರನ್ನು ಹೊರಗಿಡುವ ಉಪಾಯವದು. ಎಸಾ ಜೆಂಕಿನ್ಸ್ ಎಂಬುವರು ತಮ್ಮ ಬಸ್ಸಿನಲ್ಲೇ ಪ್ರಯಾಣಿಕರಿಗೆ ಅದನ್ನು ಕಲಿಸತೊಡಗಿದ್ದರು. ಹೈಲ್ಯಾಂಡರ್ ನೆರವಿನಿಂದ 1957ರ ಜನವರಿಯಲ್ಲಿ ಸಹಕಾರಿ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ 14 ಮಂದಿಯ ತರಗತಿ ಆರಂಭವಾಯಿತು. ಮುಂದೆ ದಿನಸಿ, ಹಿಂದೆ ಅಕ್ಷರ!

ಇದನ್ನು ರೂಪಿಸಿದ ಸೆಪ್ಟಿಮಾ ಕ್ಲಾರ್ಕ್ ನನ್ನಂತೆಯೇ ಶಿಕ್ಷಕಿ. ಕರಿಯರ ಹಕ್ಕಿಗಾಗಿ ದುಡಿಯುವ ಸಂಘದ ಸದಸ್ಯತ್ವವನ್ನು ತ್ಯಜಿಸಲೊಲ್ಲದೆ 1956ರಲ್ಲಿ ನಲವತ್ತು ವರ್ಷಗಳ ಸೇವೆಯ ಕೊನೆಯಲ್ಲಿ ಉದ್ಯೋಗವನ್ನೂ ನಿವೃತ್ತಿವೇತನವನ್ನೂ ಕಳೆದುಕೊಂಡಿದ್ದವರು. ಆದರೆ ಪಾಠ ಹೇಳಲು ಅವರು ಆರಿಸಿದ್ದು ಶಿಕ್ಷಕರನ್ನಲ್ಲ. ಕೇಶಾಲಂಕಾರ ಮಾಡುತ್ತಿದ್ದ ಬರ್ನೀಸ್ ರಾಬಿನ್ಸನ್ ಎಂಬಾಕೆಯನ್ನು. ಆಕೆ ಮಕ್ಕಳ ಪುಸ್ತಕಗಳನ್ನು ಬದಿಗಿಟ್ಟು, ನಿಮಗೇನು ಕಲಿಯಬೇಕೆಂದು ಕೇಳಿದರು. ಮನಿಯಾರ್ಡರ್ ತುಂಬುವುದು, ಬೈಬಲ್ ಓದುವುದು, ಮತದಾರರ ನೋಂದಣಿ ಎಂದರು ಜನ. ಅದೇ ಪಠ್ಯಕ್ರಮವಾಯಿತು.

ಇಂಥ ತರಗತಿಗಳು ಹಬ್ಬಿದವು. ಸರ್ಕಾರ ಸುಮ್ಮನಿರಲಿಲ್ಲ, 1961ರಲ್ಲಿ ಶಾಲೆಯ ಪರವಾನಗಿ ರದ್ದಾಗಿ ಆಸ್ತಿ ಕೈಬಿಟ್ಟಿತು. ತರಗತಿಗಳ ಹೊಣೆಯನ್ನು ಮಾರ್ಟಿನ್ ಲೂಥರ್ ಕಿಂಗ್ ಅವರ ಸಂಘಟನೆ ವಹಿಸಿಕೊಂಡಿತು. ಹೈಲ್ಯಾಂಡರ್ ಬೇರೆ ಹೆಸರಿನಲ್ಲಿ ಮತ್ತೆ ತಲೆಯೆತ್ತಿತು. ಕೆಲಸದಿಂದ ಕಿತ್ತುಹಾಕಲ್ಪಟ್ಟ ಕ್ಲಾರ್ಕ್ 1970ರ ದಶಕದಲ್ಲಿ ತಮ್ಮೂರು ಚಾರ್ಲ್ಸ್ಟನ್ನಿನ ಶಾಲಾ ಮಂಡಳಿಗೇ ಚುನಾಯಿತರಾದರು.

ನನ್ನ ರಾತ್ರಿ ಶಾಲೆಗೆ ಬಂದ ಅಜ್ಜಿಯೊಬ್ಬರು ಎರಡನೆಯ ದಿನವೇ, "ಮೇಷ್ಟ್ರೇ, ಮಗನ ವಿಳಾಸ ಬರೆಯೋದು ಕಲಿಸಿ" ಎಂದಿದ್ದರು. "ಅದು ಆಮೇಲೆ ಬರುತ್ತದೆ, ಅಜ್ಜಿ" ಎಂದೆ. ಮರುವಾರದಿಂದ ಅವರು ಬರಲಿಲ್ಲ. ನಿಮ್ಮಲ್ಲಿ ಅನೇಕರು ಇಂದು ಶಿಕ್ಷಕರಾಗಿದ್ದೀರಿ. ನಾನು ಕೇಳದೆ ಬಿಟ್ಟ ಪ್ರಶ್ನೆಯನ್ನು ನೀವು ಮೊದಲ ದಿನವೇ ಕೇಳಿ.