ಸಣ್ಣ ದನಿಯ ಹುಡುಗಿ

1998ರಲ್ಲಿ ನಮ್ಮ ಶಾಲೆಯ ವಾರ್ಷಿಕೋತ್ಸವದ ಪ್ರಾರ್ಥನೆಗೆ ಒಬ್ಬ ಹುಡುಗಿಯನ್ನು ಆರಿಸಬೇಕಿತ್ತು. ಮಕ್ಕಳನ್ನು ಹಾಡಿಸಿದ ದಿನ ನಾನು ರಜೆಯಲ್ಲಿದ್ದುದರಿಂದ, ಇಬ್ಬರ ಹಾಡನ್ನೂ ಕ್ಯಾಸೆಟ್ಟಿನಲ್ಲಿ ಕೇಳಿ ತೀರ್ಮಾನ ಹೇಳಿದೆ. ಮೊದಲನೆಯವಳದು ತುಂಬು ಕಂಠ. ಎರಡನೆಯವಳದು ತೆಳು ಎನಿಸಿತು. ಮೊದಲನೆಯವಳೇ ಹಾಡಿದಳು. “ನಮ್ಮ ಹುಡುಗೀದು ದನಿ ಸಣ್ಣದು ಬಿಡಿ ಟೀಚರೇ” ಎಂದು ಎರಡನೆಯವಳ ತಾಯಿ ತಾವೇ ಸಮಾಧಾನ ಹೇಳಿಕೊಂಡರು.

ಕೆಲವು ದಿನಗಳ ನಂತರ ಅಡಿಗೆ ಮಾಡುತ್ತಾ ಅದೇ ಕ್ಯಾಸೆಟ್ ಹಾಕಿದೆ. ಎರಡನೆಯ ಹಾಡು ಒಗ್ಗರಣೆಯ ಸದ್ದಿನಲ್ಲಿ ಕೇಳಿಸಲಿಲ್ಲವೆಂದು ವಾಲ್ಯೂಮ್ ಹೆಚ್ಚಿಸಿದೆ. ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಎಂಥ ಶ್ರುತಿಶುದ್ಧವಾದ ಹಾಡು! ಮರುದಿನ ವಿಚಾರಿಸಿದರೆ, ಆ ಮಗು ಮೈಕಿನಿಂದ ದೂರ ಕುಳಿತಿತ್ತು, ಅಷ್ಟೆ.

ಈ ತಪ್ಪಿಗೂ ಒಂದು ಚರಿತ್ರೆ ಇದೆಯೆಂದು ತಿಳಿದದ್ದು ಆಮೇಲೆ. ಅಮೆರಿಕದಲ್ಲಿ ಎಡಿಸನ್ ಕಂಪನಿಯವರು 1915ರಿಂದ ಸುಮಾರು ಹತ್ತು ವರ್ಷ ‘ಟೋನ್ ಟೆಸ್ಟ್’ ಎಂಬ ಪ್ರದರ್ಶನಗಳನ್ನು ನಡೆಸಿದರು. ವೇದಿಕೆಯ ಮೇಲೆ ಫೋನೋಗ್ರಾಫ್, ಪಕ್ಕದಲ್ಲಿ ಅದೇ ಹಾಡನ್ನು ಮುದ್ರಿಸಿದ್ದ ಗಾಯಕಿ. ಕತ್ತಲು ಮಾಡಿದರೆ, ಹಾಡುತ್ತಿರುವುದು ಗಾಯಕಿಯೋ ಯಂತ್ರವೋ ಜನಕ್ಕೆ ತಿಳಿಯುತ್ತಿರಲಿಲ್ಲವೆಂದು ಕಂಪನಿಯ ಹೆಮ್ಮೆ. 1916ರಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲಿನಲ್ಲಿ ಮೇರಿ ರಾಪ್ಪೋಲ್ಡ್ ಹೀಗೆ ಯಂತ್ರದ ಜೊತೆ ಹಾಡಿದರು. ಆಗ ಮುದ್ರಣಕ್ಕೆ ವಿದ್ಯುತ್ ಮೈಕ್ ಇರಲಿಲ್ಲ. ತುತ್ತೂರಿಯಂಥ ಕೊಳವೆಯ ಮುಂದೆ ಹಾಡಬೇಕಿತ್ತು. ಆ ತಟ್ಟೆಗಳಿಗೆ ಇಷ್ಟು ಜನ ಮರುಳಾದದ್ದು ಹೇಗೆ? ಗಾಯಕಿ ಅನ್ನಾ ಕೇಸ್ ಎಷ್ಟೋ ದಶಕಗಳ ನಂತರ ಗುಟ್ಟು ಹೇಳಿದರು. ಗಟ್ಟಿಯಾಗಿ ಹಾಡಿದ್ದರೆ ತಮ್ಮ ದನಿ ಯಂತ್ರವನ್ನು ಮೀರುತ್ತಿತ್ತು. ಅದಕ್ಕೇ ಯಂತ್ರಕ್ಕೆ ಹೊಂದುವಂತೆ ಹಾಡುತ್ತಿದ್ದರಂತೆ. ದನಿಯ ಮಟ್ಟ ಒಂದಾದೊಡನೆ ಕಿವಿಯ ಮೊದಲ ಸುಳಿವೇ ಅಳಿಸಿಹೋಗಿತ್ತು.

ಇದರ ಕಾರಣ 1933ರಲ್ಲಿ ಸ್ಪಷ್ಟವಾಯಿತು. ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್, ಶಬ್ದ ತಗ್ಗಿದಂತೆ ನಮ್ಮ ಕಿವಿಗೆ ಮಂದ್ರದ ನಾದ ಉಳಿದವುಗಳಿಗಿಂತ ಬೇಗ ಕುಂದುತ್ತದೆಂದು ಅಳೆದು ತೋರಿಸಿದರು. ಅಂದರೆ ಮೆಲ್ಲಗೆ ಕೇಳುವ ಹಾಡು ಮೆಲ್ಲಗೆ ಮಾತ್ರವಲ್ಲ, ತೆಳುವಾಗಿಯೂ ಕೇಳುತ್ತದೆ. ಗಟ್ಟಿಯಾದದ್ದು ತುಂಬಿಕೊಂಡಂತೆ ತೋರುತ್ತದೆ. ಆದ್ದರಿಂದಲೇ ಎರಡು ಯಂತ್ರಗಳನ್ನು ಶಿಸ್ತಾಗಿ ಹೋಲಿಸುವವರು ಮೊದಲು ಮೀಟರ್ ಹಿಡಿದು, ಡೆಸಿಬೆಲ್‌ನ ಹತ್ತನೆಯ ಒಂದು ಭಾಗದಷ್ಟೂ ವ್ಯತ್ಯಾಸ ಉಳಿಯದಂತೆ ದನಿಯನ್ನು ಸಮಮಾಡುತ್ತಾರೆ. ಅಂಗಡಿಯಲ್ಲಿ ಎರಡು ಸ್ಪೀಕರ್ ಹಾಕಿ ತೋರಿಸಿದರೆ ನೀವೂ ಎರಡರ ದನಿಯನ್ನು ಒಂದೇ ಮಟ್ಟಕ್ಕೆ ತರಿಸಿ ಕೇಳಿ. ತಕ್ಕಡಿ ಸರಿಯಿಲ್ಲದೆ ತೂಗಿದರೆ ತೂಕಕ್ಕೇನು ಬೆಲೆ?

ಮರುವರ್ಷ ಮೈಕಿನ ಮುಂದೆ ಸೀಮೆಸುಣ್ಣದಿಂದ ಗೆರೆ ಎಳೆದು, ಮಕ್ಕಳನ್ನೆಲ್ಲ ಅದರ ಮೇಲೇ ಕೂರಿಸಿದೆ. ಕೇಳುವಾಗ ಸಣ್ಣ ದನಿಗೆ ವಾಲ್ಯೂಮ್ ಏರಿಸಿಕೊಂಡು, ಆಮೇಲೆ ಅಂಕ ಹಾಕಿದೆ. ಆದರೆ ಆ ಹುಡುಗಿ ಮತ್ತೆ ಹಾಡಲು ಹೆಸರು ಕೊಡಲಿಲ್ಲ. ಅವಳಿಗೆ ದನಿ ಸಣ್ಣದೆಂದು ಮನೆಯಲ್ಲಿ ಎಲ್ಲರೂ ನಂಬಿದ್ದರು. ಹಾಗೆ ನಂಬಿಸಿದವಳು ನಾನು.